ಆರ್ಕ್ನಿಯ ಗಡಿಯಾರ, ಲೂಯಿಸ್‌ನ ಭಾನುವಾರ

ಹಳೆಯ ಕಲ್ಲುಗಳನ್ನು ನೋಡಲು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಿಗೆ ಹೋಗಬೇಕೋ, ಲೂಯಿಸ್ ದ್ವೀಪಕ್ಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಲೂಯಿಸ್‌ಗೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಆರ್ಕ್ನಿಯೇ ಗೆಲ್ಲಬೇಕು. ನಾನಿರುವ ಅಬರ್ಡೀನ್‌ನಿಂದ ಅಲ್ಲಿಗೆ ನೇರ ಹಡಗಿದೆ. ಸಂಜೆ ಐದಕ್ಕೆ ಹತ್ತಿದರೆ ರಾತ್ರಿ ಹನ್ನೊಂದಕ್ಕೆ ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್. ಲೂಯಿಸ್‌ಗೆ ಹೋಗಲು ಸ್ಕಾಟ್ಲೆಂಡನ್ನು ಅಡ್ಡಲಾಗಿ ದಾಟಿ ಅಲಪೂಲ್ ಬಂದರಿನ ತನಕ ಸುಮಾರು ನಾಲ್ಕು ಗಂಟೆ ಕಾರು ಓಡಿಸಬೇಕು, ಅಲ್ಲಿಂದ ಮತ್ತೆ ಎರಡೂವರೆ ಗಂಟೆ ಮೀರಿದ ಹಡಗು. ಆರ್ಕ್ನಿಯ ನವಶಿಲಾಯುಗದ ತಾಣಗಳು 1999ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಲೂಯಿಸ್‌ನ ಕ್ಯಾಲನಿಶ್ ಕಲ್ಲುಗಳಿಗೆ ಆ ಭಾಗ್ಯವಿಲ್ಲ.

2018ರ ಜೂನ್‌ನಲ್ಲಿ ಆರ್ಕ್ನಿ, 2019ರ ಜೂನ್‌ನಲ್ಲಿ ಲೂಯಿಸ್. ಎರಡು ಸಲವೂ ಜೊತೆಗಿದ್ದವರು ಊರಿನಿಂದ ಬಂದಿದ್ದ ಅಪ್ಪ. ಗಂಗಾವತಿ ತಾಲ್ಲೂಕಿನವರು, ಎಪ್ಪತ್ತು ದಾಟಿದವರು, ಎರಡೂ ಮಂಡಿ ಸವೆದಿವೆ. ಹಿರೇಬೆಣಕಲ್‌ನ ಮೋರ್ಯರ ಗುಡ್ಡದ ಕಲ್ಮನೆಗಳಲ್ಲಿ ಕಣ್ಣಾಮುಚ್ಚಾಲೆ ಆಡಿ ಬೆಳೆದವರಾದ್ದರಿಂದ ಹಳೆಯ ಕಲ್ಲು ಕಂಡರೆ ಮಂಡಿ ನೋವು ಮರೆಯುತ್ತಾರೆ. ಆದರೆ ಅವರನ್ನು ಅವಸರಪಡಿಸುವಂತಿಲ್ಲ. ಈ ಹೋಲಿಕೆಯನ್ನು ಓದುವಾಗ ಇದೊಂದು ನೆನಪಿರಲಿ.

ಆರ್ಕ್ನಿಯ ಸ್ಕಾರಾ ಬ್ರೇಗೆ ಸಾಟಿಯಾದದ್ದು ಲೂಯಿಸ್‌ನಲ್ಲಿ ಇಲ್ಲ, ಒಪ್ಪುತ್ತೇನೆ. 1850ರ ಬಿರುಗಾಳಿಯೊಂದು ಮರಳ ದಿಬ್ಬವನ್ನು ಕಿತ್ತೊಯ್ದಾಗ ಅಡಿಯಲ್ಲಿ ಸಿಕ್ಕ ಐದು ಸಾವಿರ ವರ್ಷದ ಹಳ್ಳಿ ಅದು. ಮರ ಸಿಗದ ನೆಲವಾದ್ದರಿಂದ ಮಂಚವೂ ಕಲ್ಲು, ಕಪಾಟೂ ಕಲ್ಲು, ನಡುವೆ ಒಲೆ. ಬಾಗಿಲಿಗೆ ಎದುರಾಗಿರುವ ಕಲ್ಲಿನ ಕಪಾಟನ್ನು ನೋಡಿ ಅಪ್ಪ, "ಬಂದವರಿಗೆ ಮೊದಲು ಪಾತ್ರೆ ಕಾಣಬೇಕು, ನಿಮ್ಮ ಅಜ್ಜಿಯ ಹಾಗೆ" ಎಂದರು. ಅಲ್ಲಿಯ ತನಕ ಎಲ್ಲವೂ ಚೆನ್ನಾಗಿತ್ತು.

ತೊಡಕು ಶುರುವಾದದ್ದು ಆಮೇಲೆ. ಮೇಸ್‌ಹೌ ಎಂಬ ಗೋರಿದಿಬ್ಬಕ್ಕೆ ನೀವಾಗಿ ಹೋಗುವಂತಿಲ್ಲ. ಗೊತ್ತಾದ ಹೊತ್ತಿನ ಟಿಕೆಟ್ ಮೊದಲೇ ತೆಗೆದಿರಬೇಕು, ಸ್ಟೆನೆಸ್ ಹಳ್ಳಿಯಲ್ಲಿ ವರದಿ ಮಾಡಿಕೊಳ್ಳಬೇಕು, ಅವರ ಬಸ್ಸಿನಲ್ಲೇ ಹೋಗಬೇಕು, ಅವರ ಮಾರ್ಗದರ್ಶಕರ ಹಿಂದೆಯೇ ಒಳಹೊಗಬೇಕು. ನಮಗೆ ಸಿಕ್ಕಿದ್ದು ಮಧ್ಯಾಹ್ನ ಒಂದರ ಸರದಿ. ಅದೇ ದಿನ ಬ್ರಾಫ್ ಆಫ್ ಬರ್ಸೇ ನೋಡುವ ಆಸೆಯೂ ಇತ್ತು. ಅದು ಆರ್ಕ್ನಿಗೆ ಅಂಟಿಕೊಂಡ ಪುಟ್ಟ ದ್ವೀಪ; ಸಮುದ್ರದ ಇಳಿತದ ಆಚೆ ಈಚೆ ಎರಡೆರಡು ಗಂಟೆ ಮಾತ್ರ ಕಾಲುದಾರಿ ತೆರೆದಿರುತ್ತದೆ, ಉಳಿದಂತೆ ಸಮುದ್ರ. ಅಂದು ಇಳಿತ ಹನ್ನೆರಡಕ್ಕೆ. ಹಿಂದಿನ ರಾತ್ರಿ ಕುಳಿತು ಲೆಕ್ಕ ಹಾಕಿದಾಗ ಎಲ್ಲವೂ ಅಚ್ಚುಕಟ್ಟಾಗಿ ಕೂಡಿತ್ತು.

ಲೆಕ್ಕದಲ್ಲಿ ಪಾಚಿಯನ್ನು ಸೇರಿಸಿರಲಿಲ್ಲ. ಕಾಲುದಾರಿಯ ತುಂಬ ಜಾರುವ ಸಮುದ್ರಪಾಚಿ. ನನ್ನ ಭುಜ ಹಿಡಿದು ಅಪ್ಪ ಒಂದೊಂದೇ ಹೆಜ್ಜೆ ಊರಿ ದಾಟುವುದಕ್ಕೆ ಇಪ್ಪತ್ತು ನಿಮಿಷ. ವೈಕಿಂಗರ ಊರಿನ ಪಾಯಗಳು ಎದುರಿಗೆ ಕಂಡವು, ನಾನು ಗಡಿಯಾರ ನೋಡಿದೆ, ಮರಳಲೇಬೇಕಾಗಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ವಾಸಿಯಿತ್ತು.

ಮೇಸ್‌ಹೌ ಬಾಗಿಲಲ್ಲಿ ಇನ್ನೊಂದು ಪಾಠ. ಒಳಗೆ ಹೋಗುವ ಕಲ್ಲಿನ ಸುರಂಗ ಸುಮಾರು ಹತ್ತು ಮೀಟರ್ ಉದ್ದ, ಉದ್ದಕ್ಕೂ ನಡು ಬಗ್ಗಿಸಿಯೇ ಸಾಗಬೇಕು. ಚಳಿಗಾಲದಲ್ಲಿ ಹಗಲು ಅತಿ ಚಿಕ್ಕದಾಗುವ ದಿನಗಳಲ್ಲಿ ಮುಳುಗುವ ಸೂರ್ಯನ ಬೆಳಕು ಇದೇ ಸುರಂಗದಲ್ಲಿ ಹಾದು ಹಿಂದಿನ ಗೋಡೆಗೆ ಬೀಳುತ್ತದೆ. ಸೂರ್ಯನಿಗೆ ಮಂಡಿಯಿಲ್ಲ. ಅಪ್ಪ ಒಮ್ಮೆ ಬಗ್ಗಿ ನೋಡಿ, "ನೀನು ಹೋಗಿ ಬಾ" ಎಂದು ದಿಬ್ಬದ ಬುಡದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರು. ಒಳಗೆ ಹನ್ನೆರಡನೆಯ ಶತಮಾನದ ನಾರ್ಸ್ ಜನ, ಅಂದರೆ ವೈಕಿಂಗರ ಪೀಳಿಗೆಯವರು, ಗೋಡೆಯ ಮೇಲೆ ರೂನ್ ಎಂಬ ತಮ್ಮ ಹಳೆಯ ಲಿಪಿಯಲ್ಲಿ ಗೀಚಿಹೋದ ಸುಮಾರು ಮೂವತ್ತು ಬರಹಗಳಿವೆ. ಇಂಗಿಗೆರ್ಥ್ ಎಂಬಾಕೆಯೇ ಎಲ್ಲರಿಗಿಂತ ಸುಂದರಿ ಎಂದು ಒಬ್ಬ ಕೆತ್ತಿದ್ದಾನೆ. ಎಂಥ ಮಾತು! ಆದರೆ ನನ್ನ ಗಮನವೆಲ್ಲ ಹೊರಗೆ ನಿಂತವರ ಮೇಲೆ. ಹೊರಬಂದು ಮತ್ತೆ ಬರ್ಸೇಗೆ ಕಾರು ಓಡಿಸಿದೆ. ಕಾಲುದಾರಿ ನೀರಿನಡಿ ಹೋಗಿಯಾಗಿತ್ತು. ಅಪ್ಪ ಆಗ ಬಾಯಿ ಬಿಟ್ಟರು: "ಈ ಕಲ್ಲುಗಳು ಐದು ಸಾವಿರ ವರ್ಷ ಕಾದಿವೆ. ನಮಗಾಗಿ ಅರ್ಧ ಗಂಟೆ ಕಾಯುವುದಕ್ಕೆ ಮಾತ್ರ ಆಗುವುದಿಲ್ಲವಂತೆ."

ಮರುದಿನ ಹೋಯ್ ದ್ವೀಪದಲ್ಲೂ ಅದೇ ಕಥೆ. ಓಲ್ಡ್ ಮ್ಯಾನ್ ಆಫ್ ಹೋಯ್ ಎಂಬ 137 ಮೀಟರ್ ಎತ್ತರದ ಬಂಡೆಗಂಬವನ್ನು ನೋಡಲು ರ‍್ಯಾಕ್‌ವಿಕ್ ಕಡಲತೀರದಿಂದ ಹೋಗಿಬರುವುದಕ್ಕೆ ಮೂರು ಗಂಟೆಯ ನಡಿಗೆ. ಅಪ್ಪನನ್ನು ತೀರದಲ್ಲಿ ಕೂರಿಸಿ, ಸಂಜೆಯ ಹಡಗು ತಪ್ಪೀತೆಂದು ಅರ್ಧ ನಡೆದು ಅರ್ಧ ಓಡಿದೆ. ಬ್ರಾಡ್ಗರ್‌ನ ದೊಡ್ಡ ಕಲ್ಲುವೃತ್ತಕ್ಕೆ ಬೀಗವಿಲ್ಲ, ಟಿಕೆಟ್ಟಿಲ್ಲ. ಆದರೆ ನಾವು ಹೋದ ಬೆಳಗ್ಗೆ ಕರ್ಕ್‌ವಾಲ್‌ಗೆ ವಿಹಾರ ನೌಕೆಯೊಂದು ಬಂದಿತ್ತು, ಅದರ ಬಸ್ಸುಗಳೆಲ್ಲ ಅಲ್ಲಿದ್ದವು. ರಾತ್ರಿ ಹೋಗಬಹುದಿತ್ತು. ಮರುದಿನದ ಹಡಗಿನ ಚಿಂತೆಯಲ್ಲಿ ಬೇಗ ಮಲಗಿದ್ದು ನಮ್ಮದೇ ತಪ್ಪು.

ಇನ್ನು ಲೂಯಿಸ್. ಶನಿವಾರ ಸಂಜೆ ಸ್ಟಾರ್ನೊವೇಯಲ್ಲಿ ಇಳಿದವರು ರಾತ್ರಿ ಹತ್ತಕ್ಕೆ ಕ್ಯಾಲನಿಶ್‌ನಲ್ಲಿದ್ದೆವು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಹತ್ತೂವರೆಯ ಹೊತ್ತಿಗೆ. ಗೇಟಿನಲ್ಲಿ ಯಾರೂ ಇಲ್ಲ, ನಾವು ಹೋದ ವರ್ಷ ಕಲ್ಲುಗಳಿಗೆ ಟಿಕೆಟ್ಟೂ ಇರಲಿಲ್ಲ. ನಡುವೆ 4.8 ಮೀಟರ್ ಎತ್ತರದ ಒಂಟಿ ಕಲ್ಲು, ಸುತ್ತ ಹದಿಮೂರು, ಉತ್ತರಕ್ಕೆ ಸಾಲುಗಲ್ಲುಗಳ ಬೀದಿ. 1857ರಲ್ಲಿ ಪೀಟ್ ಮಣ್ಣನ್ನು ತೆಗೆಸುವವರೆಗೆ ಇವು ಅರೆಬರೆ ಹೂತಿದ್ದವು. ನೈಸ್ ಎಂಬ ಶಿಲೆಯ ಬಿಳಿ ಕಪ್ಪು ಗೆರೆಗಳು ಹಳೆಯ ಮರದ ನಾರಿನಂತೆ ಕಾಣುತ್ತವೆ. ಅಪ್ಪ ಪ್ರತಿ ಕಲ್ಲಿನ ಮೈ ಸವರಿ, ಕೊನೆಗೆ ಒಂದಕ್ಕೆ ಒರಗಿ ನಿಂತು, "ಮೋರ್ಯರ ಗುಡ್ಡದವರು ಮನೆ ಕಟ್ಟಿದರು. ಇವರು ಬರೀ ಕಂಬ ನೆಟ್ಟರು. ಯಾಕಿರಬಹುದು?" ಎಂದರು. ನನಗೆ ಗೊತ್ತಿರಲಿಲ್ಲ, ಹೇಳುವ ಮಾರ್ಗದರ್ಶಕರೂ ಇರಲಿಲ್ಲ. ಹನ್ನೊಂದೂವರೆಯ ತನಕ ಅಲ್ಲೇ ಇದ್ದೆವು. ಭಾನುವಾರ ಮತ್ತೆ ಹೋದೆವು, ಸೋಮವಾರ ಜಿಟಿಜಿಟಿ ಮಳೆಯಲ್ಲಿ ಮತ್ತೊಮ್ಮೆ. ಮೂರು ಸಲವೂ ಪುಕ್ಕಟೆ.

ಡನ್ ಕಾರ್ಲೊವೇಯ ಎರಡು ಸಾವಿರ ವರ್ಷದ ಕಲ್ಲುಗೋಪುರವೂ ಹಾಗೆಯೇ, ದುಡ್ಡಿಲ್ಲ. ಉಳಿಸಿದ್ದನ್ನೆಲ್ಲ ಪೆಟ್ರೋಲ್ ನುಂಗಿತು, ಅದು ಬೇರೆ ಮಾತು.

ಲೂಯಿಸ್‌ಗೆ ಭಾನುವಾರ ಎಂಬ ಒಂದು ಗುಣವಿದೆ. ಭಾನುವಾರವನ್ನು ಸಬ್ಬತ್, ಅಂದರೆ ದೇವರಿಗೆ ಮೀಸಲಾದ ವಿಶ್ರಾಂತಿಯ ದಿನವೆಂದು ಪಾಲಿಸುವ ಜನ; ಸ್ಟಾರ್ನೊವೇಯಿಂದ ಭಾನುವಾರದ ಹಡಗು ಶುರುವಾದದ್ದೇ 2009ರಲ್ಲಿ. ನಾವು ಹೋದಾಗ ಭಾನುವಾರ ಅಂಗಡಿಗಳಿಗೆಲ್ಲ ಬಾಗಿಲು. ನನಗೆ ರೇಗಿತು. ಅಪ್ಪನಿಗೆ ತಕ್ಷಣ ಅರ್ಥವಾಯಿತು: "ನಮ್ಮಲ್ಲಿ ಸೋಮವಾರ ಎತ್ತು ಹೂಡುತ್ತಾರೇನು?" ಅವರು ಊರಿನಿಂದ ತಂದಿದ್ದ ಕಟಕು ರೊಟ್ಟಿ, ಶೇಂಗಾ ಚಟ್ನಿ ಅಂದು ಕ್ಯಾಲನಿಶ್‌ನ ಹುಲ್ಲಿನ ಮೇಲೆ ಬಿಚ್ಚಿಕೊಂಡವು. ಹೋಟೆಲನ್ನೇ ನಂಬಿ ಹೋಗುವ ಸಸ್ಯಾಹಾರಿಗಳಿಗೆ ಆ ದಿನ ಕಷ್ಟವೇ.

ಹೊರಾಂಗಣದ ಸಾಹಸಕ್ಕೆ ಬಂದರೆ, ಮುಳುಗುಗಾರರಿಗೆ ಆರ್ಕ್ನಿಯನ್ನು ಮೀರಿದ್ದಿಲ್ಲ: 1919ರಲ್ಲಿ ಜರ್ಮನ್ನರು ತಾವೇ ಮುಳುಗಿಸಿದ ಯುದ್ಧನೌಕೆಗಳಲ್ಲಿ ಕೆಲವು ಸ್ಕಾಪಾ ಫ್ಲೋ ಎಂಬ ಅಲ್ಲಿನ ಕೊಲ್ಲಿಯ ತಳದಲ್ಲಿವೆ. ನನಗೆ ಈಜು ಬರುವುದಿಲ್ಲ. ಲೂಯಿಸ್‌ಗೆ ಹೊಂದಿಕೊಂಡೇ ಇರುವ ಹ್ಯಾರಿಸ್‌ನ ಲಸ್ಕೆಂಟೈರ್ ತೀರದ ಬಿಳಿ ಮರಳಿನಲ್ಲಿ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಒಂದು ಗಂಟೆ ನಡೆದರು, ಯಾರ ಭುಜವನ್ನೂ ಹಿಡಿಯದೆ. ಗಾಳಿ ನಿಂತರೆ ಮಿಜ್ ಎಂಬ ನುಸಿ ಮುತ್ತುತ್ತದೆ. ಆರ್ಕ್ನಿಯಲ್ಲಿ ಅದರ ಕಾಟ ಕಡಿಮೆ.

ಎರಡೇ ದಿನ ರಜೆಯಿದ್ದು, ಹೊತ್ತಿಗೆ ಸರಿಯಾಗಿ ನಡೆಯುವವರು ಆರ್ಕ್ನಿಗೇ ಹೋಗಿ. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಎರಡು ನಿಮಿಷದೊಳಗೆ ಮುಗಿಯುವ ವಿಮಾನಯಾನವಿದೆ, ಇಳಿದರೆ ಸ್ಕಾರಾ ಬ್ರೇಗಿಂತ ಹಳೆಯದಾದ ನ್ಯಾಪ್ ಆಫ್ ಹವರ್ ಮನೆಗಳಿವೆ. ಅದಕ್ಕೆ ಒಬ್ಬನೇ ಹೋಗಬೇಕೆಂದಿದ್ದೇನೆ. ಅಪ್ಪನ ಜೊತೆಗಾದರೆ ಮತ್ತೆ ಲೂಯಿಸ್, ಅದೂ ಶನಿವಾರ ತಲುಪುವ ಹಾಗೆಯೇ. ಈ ಸಲ ದಾರಿಯಲ್ಲೇ ಹಾಲು ಕೊಂಡುಕೊಳ್ಳಬೇಕು. ಕಳೆದ ಸಲ ಮರೆತಿದ್ದೆ. ಭಾನುವಾರವಿಡೀ ಕಪ್ಪು ಚಹಾ ಕುಡಿದದ್ದನ್ನು ಅವರು ಇನ್ನೂ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರಂತೆ.