ಮನೆಗೇ ಬರುವ ಬ್ಯೂಟಿಷಿಯನ್ ಸೇವೆ: ಕೆಲಸಕ್ಕೆ ಐದು ಸ್ಟಾರ್, ಕಂಪನಿಗೆ ಎರಡು

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಪಾರ್ಲರ್‌ನ ಮೆಟ್ಟಿಲು ಹತ್ತಲಾಗದೆ, ಹಾಸನದ ವಿದ್ಯಾನಗರದಲ್ಲಿರುವ ನಮ್ಮ ಮನೆಗೇ ಆ್ಯಪ್ ಮೂಲಕ ಬ್ಯೂಟಿಷಿಯನ್‌ರನ್ನು ಕರೆಸಿಕೊಳ್ಳುತ್ತಿದ್ದೇನೆ. ಹೇಳಿದ ಹೊತ್ತಿಗೆ ಬರುತ್ತಾರೆ, ಸಲಕರಣೆಗಳು ಶುಚಿಯಾಗಿರುತ್ತವೆ, ದರ ಮೊದಲೇ ಗೊತ್ತಿರುತ್ತದೆ. ಸೇವೆಯಲ್ಲಿ ಕುಂದಿಲ್ಲ.

ಕಳೆದ ಸಲ ಬಂದ ಹೆಣ್ಣುಮಗಳು ಏಳು ತಿಂಗಳ ಗರ್ಭಿಣಿ. ವ್ಯಾಕ್ಸ್ ಹೀಟರ್, ಟವೆಲು, ಡಬ್ಬಿಗಳು ತುಂಬಿದ್ದ ಚೀಲವನ್ನು ಸ್ಕೂಟರಿನಿಂದ ಇಳಿಸಿ ತಂದವರು ಬಾಗಿಲಿನ ಚೌಕಟ್ಟು ಹಿಡಿದು ಒಂದು ಗಳಿಗೆ ಸುಧಾರಿಸಿಕೊಂಡರು. ಪೆಡಿಕ್ಯೂರ್‌ಗೆಂದು ನೆಲದ ಮೇಲೆ ಕೂರಲು ಹೊರಟಾಗ ನಾನು ತಡೆದೆ. “ಬೇಡ ಅನ್ಬೇಡಿ ಆಂಟಿ, ಕ್ಯಾನ್ಸಲ್ ಆದ್ರೆ ನನ್ನ ರೇಟಿಂಗ್ ಇಳಿಯುತ್ತೆ” ಎಂದರು. ಹೆರಿಗೆ ರಜೆಯ ಬಗ್ಗೆ ಕೇಳಿದೆ. “ರಜೆ ಎಲ್ಲಿ ಬಂತು? ಆ್ಯಪ್ ಆಫ್ ಮಾಡಿದ್ರೆ ಅವತ್ತಿನ ದುಡ್ಡಿಲ್ಲ. ತುಂಬಾ ದಿನ ಬಿಟ್ರೆ ಐಡಿನೇ ಬ್ಲಾಕ್.” ಗಾರ್ಮೆಂಟ್ಸ್‌ನಲ್ಲಿರುವ ಅವರ ಅಕ್ಕನಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಮೂಲಕ 26 ವಾರಗಳ ಸಂಬಳ ಸಿಕ್ಕಿತ್ತಂತೆ.

ಒಂದೇ ಮನೆಯ ಅಕ್ಕತಂಗಿಯರ ನಡುವಿನ ಈ ಅಂತರಕ್ಕೆ ಕಾರಣ ಒಂದು ಪದ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಬಂದಿತಾದರೂ, ಅದು ಸಂಬಳದ ನೌಕರರಿಗೆ ಮಾತ್ರ. ಕಂಪನಿ ಇವರನ್ನು ‘ಪಾರ್ಟ್‌ನರ್’ ಎಂದು ಕರೆದು ಆ ಹೊಣೆಯಿಂದ ಹೊರಗುಳಿದಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕರನ್ನು, ಅಂದರೆ ಹೀಗೆ ಖಾಯಂ ನೌಕರಿಯಿಲ್ಲದೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರನ್ನು, ಹೆಸರಿಸಿ, ಅವರಿಗಾಗಿ ಆರೋಗ್ಯ ಮತ್ತು ಹೆರಿಗೆ ಸೌಲಭ್ಯದ ಯೋಜನೆಗಳನ್ನು ರೂಪಿಸಬಹುದೆಂದೂ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ಅದಕ್ಕೆ ಕೊಡಬೇಕೆಂದೂ ಹೇಳುತ್ತದೆ. ‘ರೂಪಿಸಬಹುದು’ ಎಂಬಲ್ಲಿಗೆ ನಿಲ್ಲುವ ಮಾತು ಏಳು ತಿಂಗಳ ಬಸುರಿಗೆ ಯಾವ ಆಸರೆ? ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ ಇನ್ನೂ ಹತ್ತಿರದ ನೆರವು: ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು, ಕೆಲಸದಿಂದ ತೆಗೆಯುವುದಾದರೆ ಸಾಮಾನ್ಯವಾಗಿ 14 ದಿನ ಮೊದಲೇ ಕಾರಣ ಸಹಿತ ನೋಟಿಸ್ ಕೊಡಬೇಕು. ಇದು ಅವರಿಗೆ ಗೊತ್ತೇ ಇರಲಿಲ್ಲ, ಆ್ಯಪ್‌ನವರೂ ತಿಳಿಸಿರಲಿಲ್ಲ. ಇದು ಚೊಚ್ಚಲ ಹೆರಿಗೆಯಾದ್ದರಿಂದ ಮಾತೃ ವಂದನಾ ಯೋಜನೆಯ 5,000 ರೂಪಾಯಿಗೆ ಅಂಗನವಾಡಿಯಲ್ಲಿ ವಿಚಾರಿಸಲು ಹೇಳಿ ಕಳುಹಿಸಿದೆ.

ಕೆಲಸ ಮುಗಿದ ಕೂಡಲೇ ಆ್ಯಪ್ ರೇಟಿಂಗ್ ಕೇಳಿತು. ಅವರಿಗೆ ಐದು ಸ್ಟಾರ್ ಕೊಟ್ಟೆ. ಕಂಪನಿಗೆ ರೇಟಿಂಗ್ ಕೊಡಲು ಅಲ್ಲಿ ಜಾಗವಿಲ್ಲದ್ದರಿಂದ ನನ್ನ ಎರಡು ಸ್ಟಾರ್‌ಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಹೆರಿಗೆಯಾಗಿ ಮರಳುವವರೆಗೆ ಅವರ ಐಡಿ ಮತ್ತು ರೇಟಿಂಗ್ ಹಾಗೇ ಉಳಿಯುತ್ತವೆಯೇ ಎಂದು ಕಂಪನಿಯ ಗ್ರಾಹಕ ಸೇವೆಗೆ ಬರೆದು ಮೂರು ವಾರವಾಯಿತು. ಉತ್ತರ ಬರುವವರೆಗೆ ಹೊಸ ಬುಕಿಂಗ್ ಮಾಡುವುದಿಲ್ಲ.