ಶರಾವತಿ ಹಿನ್ನೀರಿಗೆ ವೇಫೇರರ್ ಹಾಯಿದೋಣಿ ಹೊಂದುತ್ತದೆಯೇ?

ಲಿಂಗನಮಕ್ಕಿ ಹಿನ್ನೀರಿನಲ್ಲಿ ದೋಣಿ ಕೆಡಿಸುವುದು ಗಾಳಿಗಿಂತ ಹೆಚ್ಚಾಗಿ ಮರದ ಬೊಡ್ಡೆ. 1964ರಲ್ಲಿ ಅಣೆಕಟ್ಟು ಮುಗಿದು ಮುಳುಗಿದ ಕಾಡಿನ ಮೋಟುಮರಗಳು ಇನ್ನೂ ನಿಂತೇ ಇವೆ. ನೀರು ಸಮುದ್ರಮಟ್ಟದಿಂದ 1819 ಅಡಿಯ ಪೂರ್ಣಮಟ್ಟಕ್ಕೆ ತುಂಬಿದಾಗ ಅವು ಕಾಣುವುದಿಲ್ಲ. ಬೇಸಿಗೆಯಲ್ಲಿ ಕೆಲವು ತಲೆ ಎತ್ತುತ್ತವೆ, ಕೆಲವು ಒಂದಡಿ ಕೆಳಗೇ ಉಳಿಯುತ್ತವೆ. ಹಾಗಾಗಿ ಇಲ್ಲಿಗೆ ದೋಣಿ ಕೊಳ್ಳುವವರು ಮೊದಲು ದೋಣಿಯ ತಳದಿಂದ ನೀರಿಗೆ ಇಳಿಯುವ ಹಲಗೆ ನೋಡಬೇಕು, ಹಾಯಿಯ ಮಾತು ಆಮೇಲೆ.

ಇಂಗ್ಲೆಂಡಿನ ಇಯಾನ್ ಪ್ರಾಕ್ಟರ್ 1957ರಲ್ಲಿ ರೂಪಿಸಿದ ವೇಫೇರರ್ ಈ ಲೆಕ್ಕದಲ್ಲಿ ಗೆಲ್ಲುತ್ತದೆ. ಉದ್ದ 4.82 ಮೀಟರ್, ಅಗಲ 1.85, ಬರಿ ಒಡಲಿನ ತೂಕ ಸುಮಾರು 169 ಕೆಜಿ. ಸೆಂಟರ್‌ಬೋರ್ಡ್, ಅಂದರೆ ಆ ತಳದ ಹಲಗೆ, ಇಳಿಸಿದರೆ 1.17 ಮೀಟರ್ ನೀರು ಬೇಕು, ಎತ್ತಿದರೆ 20 ಸೆಂ.ಮೀ. ಸಾಕು. ಬೋರ್ಡ್ ಪಿನ್ನಿನ ಮೇಲೆ ತಿರುಗುವುದರಿಂದ ಬೊಡ್ಡೆಗೆ ಬಡಿದರೆ ಹಿಂದಕ್ಕೆ ಮಡಚಿ ಮೇಲೇಳುತ್ತದೆ. 3.3 ಮೀಟರಿನ ಮಿರರ್ ದೋಣಿಯ ಒಡಲು ಬರೀ 45 ಕೆಜಿ, ಇಬ್ಬರು ಹೊತ್ತು ನಡೆಯಬಹುದು. ಆದರೆ ಅದರ ಹಲಗೆ ನೇರ ಕೆಳಕ್ಕೆ ತೂರುವಂಥದ್ದು. ಬಡಿದರೆ ದೋಣಿ ಗಕ್ಕನೆ ನಿಲ್ಲುತ್ತದೆ, ಹಲಗೆಯ ಗೂಡು ಸೀಳುತ್ತದೆ.

ಚುಕ್ಕಾಣಿಯ ಅಲಗೂ ಹಾಗೇ ಏಳಬೇಕು. ಅದನ್ನು ಕೆಳಗೆ ಹಿಡಿಯುವ ಹಗ್ಗವನ್ನು ಗಟ್ಟಿ ಗಂಟು ಹಾಕಿದರೆ ಬೊಡ್ಡೆಯ ಏಟು ಹಿಂದಿನ ಕೀಲುಗಳಿಗೆ ಬೀಳುತ್ತದೆ. ಎಳೆತ ಬಿದ್ದೊಡನೆ ತಾನೇ ಬಿಚ್ಚಿಕೊಳ್ಳುವ ಕ್ಲೀಟ್ (ಹಗ್ಗ ಕಚ್ಚಿ ಹಿಡಿಯುವ ಸಾಧನ) ಹಾಕಿಸಿ, ಇಲ್ಲವೇ ರಬ್ಬರ್ ಹಗ್ಗ ಕಟ್ಟಿ. ಇನ್ನೊಂದು ಕಾಟ ಜಂಬಿಟ್ಟಿಗೆ ಹರಳು. ದಡಕ್ಕೆ ಎಳೆದಾಗ ಬೋರ್ಡಿನ ಸಂದಿಗೆ ಸೇರಿ ಕಚ್ಚಿಕೊಳ್ಳುತ್ತದೆ. ಮೇಲಿನಿಂದ ಬಡಿಯಬೇಡಿ, ದೋಣಿಯನ್ನು ಪಕ್ಕಕ್ಕೆ ವಾಲಿಸಿ, ಅಡಿಯಿಂದ ತೆಳ್ಳನೆಯ ಅಡಿಕೆ ದಬ್ಬೆ ತೂರಿಸಿ ಹರಳು ಕೆದಕಿ.

ನಿಜವಾದ ಪಾಡು ಟ್ರೇಲರಿನದು. ಕೂವೆಮರ (ಹಾಯಿ ಕಟ್ಟುವ ಕಂಬ), ಹಾಯಿ, ಲಂಗರು, ಟ್ರೇಲರ್ ಎಲ್ಲ ಸೇರಿ ಎಳೆಯುವ ಭಾರ 300 ಕೆಜಿ ದಾಟುತ್ತದೆ. ಟಾರು ರಸ್ತೆಯಲ್ಲಿ ಏನೂ ಅನ್ನಿಸುವುದಿಲ್ಲ, ಮೇ ತಿಂಗಳ ಕೆಸರು ದಡದಲ್ಲಿ ಚಕ್ರ ಹೂತುಹೋಗುತ್ತದೆ. ದಬ್ಬೆ ಹಾಸಿದರೆ ಮುರಿಯುತ್ತದೆ, ಎರಡಿಂಚು ದಪ್ಪದ ಹಲಗೆಯೇ ಬೇಕು. ಕಾರನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ, ಉದ್ದ ಹಗ್ಗ ಕಟ್ಟಿ ಟ್ರೇಲರನ್ನು ಇಳಿಸಿ. ಸಾಗರ ಪೇಟೆಯಿಂದ ಬಂದ ಕೂಡಲೇ ನೀರಿಗಿಳಿಸುವುದು ಬೇಡ: ಚಕ್ರದ ಬಿಸಿ ಹಬ್ ತಟ್ಟನೆ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರು ಹೀರಿಕೊಳ್ಳುತ್ತದೆ. ಗ್ರೀಸ್ ಹಾಲಿನಂತೆ ಬಿಳಿಚಿತೆಂದರೆ ಬೇರಿಂಗಿನ ಆಯಸ್ಸು ಮುಗಿಯುತ್ತ ಬಂತು. ಅರ್ಧ ಗಂಟೆ ಕಾಯಿರಿ; ಕೂವೆಮರ ನಿಲ್ಲಿಸಲು ಹೇಗೂ ಅಷ್ಟು ಹೊತ್ತು ಬೇಕು.

ದೊಡ್ಡ ಹಾಯಿ, ಮುಂದಿನ ಹಾಯಿ ಸೇರಿ ಸುಮಾರು 13 ಚದರ ಮೀಟರ್. ನಾಲ್ವರ ಮನೆಮಂದಿ ಆರಾಮವಾಗಿ ಕೂರಬಹುದು. ಫ್ರಾಂಕ್ ಡೈ 1963ರಲ್ಲಿ ಇದೇ ಮಾದರಿಯಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿಗೆ ಹೋದದ್ದು ನಿಜ. ಅದನ್ನು ನಂಬಿ ಏಪ್ರಿಲ್ ಸಂಜೆಯ ಗುಡುಗುಗಾಳಿಗೆ ಮಕ್ಕಳನ್ನು ಒಡ್ಡುವಂತಿಲ್ಲ. ಗುಡ್ಡದ ಸಂದಿನಿಂದ ಗಾಳಿ ನುಗ್ಗುವ ಮೊದಲೇ ಹಾಯಿ ಕಿರಿದು ಮಾಡಬೇಕು: ಬೂಮಿನ (ಹಾಯಿಯ ಅಡಿಯ ಅಡ್ಡಗೋಲಿನ) ಹಗ್ಗ ಸಡಿಲಿಸಿ, ಹಾಯಿ ಇಳಿಸಿ, ಹಾಯಿಯ ಮುಂದಿನ ಅಂಚಿನ ಕಣ್ಣನ್ನು (ತೂತನ್ನು) ಕೊಕ್ಕೆಗೆ ಹಾಕಿ, ಮತ್ತೆ ಮೇಲಕ್ಕೆ ಬಿಗಿದು, ಕೊನೆಗೆ ಹಿಂದಿನ ಕಣ್ಣನ್ನು ಎಳೆಯಿರಿ.

ಮಗುಚಿದರೆ ಎತ್ತಲು ಇಬ್ಬರು ದೊಡ್ಡವರು ಬೇಕು, ಹಳೆಯ ಮಾದರಿಗಳು ಒಡಲ ತುಂಬ ನೀರು ಹೊತ್ತೇ ಏಳುತ್ತವೆ. ಎರಡು ಬಕೆಟ್ ಕಟ್ಟಿಟ್ಟಿರಿ. ಕೂವೆಮರದ ತುದಿಗೆ ತೇಲುಬುರುಡೆ ಕಟ್ಟದಿದ್ದರೆ ಅದು ಕೆಸರಿಗೆ ನಾಟಿಕೊಳ್ಳುತ್ತದೆ. ಹಳೆಯದನ್ನು ಕೊಳ್ಳುವಾಗ ಹಿಂದೆ ಮುಂದೆ ಇರುವ, ದೋಣಿಯನ್ನು ತೇಲಿಸುವ ಗಾಳಿಪೆಟ್ಟಿಗೆ ಮುಚ್ಚಿ, ಬಿರಡೆ ತೂತಿಗೆ ಪೈಪಿಟ್ಟು ಬಾಯಲ್ಲಿ ಊದಿ, ಅಂಚಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ರಬ್ಬರ್ ಬದಲಿಸಬೇಕು. ಕಂಪ್ರೆಸರ್ ಹಚ್ಚಿದರೆ ಪೆಟ್ಟಿಗೆಯೇ ಬಿರಿಯುತ್ತದೆ.

ಮಳೆಗಾಲಕ್ಕೆ ಬಿರಡೆ ತೆಗೆದು, ಮೂತಿ ಎತ್ತರಿಸಿ, ಮಾಡಿನಡಿ ಇಡಿ. ಪೆಟ್ಟಿಗೆಯ ಮುಚ್ಚಳ ತೆರೆದಿರಲಿ. ಮುಚ್ಚಿಟ್ಟ ಪ್ಲೈವುಡ್ ದೋಣಿ ಮಲೆನಾಡಿನ ಥಂಡಿಗೆ ಒಳಗಿಂದಲೇ ಕೊಳೆಯುತ್ತದೆ.

ಗಾಜನೂರಿನ ತುಂಗಾ ಅಣೆಕಟ್ಟಿನಂಥ ಚಿಕ್ಕ ನೀರಿಗೆ ಇದು ದೊಡ್ಡದಾಯಿತು. ಲಿಂಗನಮಕ್ಕಿಯಲ್ಲಾದರೆ ಕೆಪಿಸಿ (ಕರ್ನಾಟಕ ವಿದ್ಯುತ್ ನಿಗಮ), ಅರಣ್ಯ ಇಲಾಖೆಗಳನ್ನು ಮೊದಲೇ ಕೇಳಿ. ದಡದಲ್ಲಿ ಅಲ್ಯೂಮಿನಿಯಂ ಕೂವೆಮರ ಎತ್ತುವ ಮುನ್ನ ತಲೆಯೆತ್ತಿ ಕರೆಂಟಿನ ತಂತಿ ಇದೆಯೇ ನೋಡಿ.