ಎರಡು ‘ಮಿಸ್ಟೀರಿಯಸ್ ಐಲ್ಯಾಂಡ್’, ಟಿಪ್ಪು ಇರುವುದು ಒಂದರಲ್ಲೇ

ಫ್ರೆಂಚ್ ಲೇಖಕ ಜೂಲ್ ವರ್ನ್‌ನ ಕಾದಂಬರಿ ‘ಮಿಸ್ಟೀರಿಯಸ್ ಐಲ್ಯಾಂಡ್’ ಇಂಗ್ಲಿಷಿನಲ್ಲಿ 1876ರಲ್ಲಿ ಅಮೆರಿಕದಲ್ಲಿ ಎರಡು ಕಡೆ ಅಚ್ಚಾಯಿತು. ಒಂದು ನ್ಯೂಯಾರ್ಕಿನ ಸ್ಕ್ರಿಬ್ನರ್, ಆರ್ಮ್‌ಸ್ಟ್ರಾಂಗ್‌ನವರದು, ಇನ್ನೊಂದು ಫಿಲಡೆಲ್ಫಿಯಾದ ಈವ್ನಿಂಗ್ ಟೆಲಿಗ್ರಾಫ್ ಪತ್ರಿಕೆಯದು. ವಿದೇಶಿ ಲೇಖಕರಿಗೆ ಅಲ್ಲಿ ಕಾಪಿರೈಟ್ ಸಿಕ್ಕಿದ್ದೇ 1891ರಲ್ಲಿ, ಅದಕ್ಕೂ ಮುಂಚೆ ಯಾರು ಬೇಕಾದರೂ ಅನುವಾದ ಮಾಡಿಸಿ ಮಾರಬಹುದಿತ್ತು. ಎರಡೂ ನನ್ನ ಹತ್ತಿರ ಇವೆ, ಎರಡನ್ನೂ ಪೂರ್ತಿ ಓದಿದ್ದೇನೆ.

ನೋಡೋಕೆ ಸ್ಕ್ರಿಬ್ನರ್ ಪ್ರತಿಯೇ ಚೆಂದ. ಗಟ್ಟಿ ಬಟ್ಟೆ ಬೈಂಡಿಂಗ್, ಒಳಗೆ ತುಂಬಾ ಚಿತ್ರಗಳು. ನನ್ನ ಪ್ರತಿಯ ಬೆನ್ನು ಬಿಸಿಲಿಗೆ ಮಾಸಿದೆ, ಹಾಳೆಗಳ ಅಂಚಲ್ಲಿ ಕಂದು ಚುಕ್ಕೆ ಬಿದ್ದಿದೆ, ಆದರೂ ಕೈಯಲ್ಲಿ ಹಿಡಿದರೆ ಖುಷಿಯಾಗುತ್ತದೆ. ಫಿಲಡೆಲ್ಫಿಯಾ ಪ್ರತಿ ಅಷ್ಟು ಅಂದವಾಗಿಲ್ಲ. ಕಾಗದ ಹಳದಿಗಟ್ಟಿದೆ, ಪುಟ ತಿರುಗಿಸುವಾಗ ಮೂಲೆ ಮುರಿದುಬಿಡುತ್ತದೋ ಅಂತ ಭಯ. ಅದರಲ್ಲಿ ದ್ವೀಪದ ನಕ್ಷೆ ಮತ್ತು ಪದಕೋಶ ಇರಬೇಕು. ನಾನು ಮೊದಲು ತರಿಸಿದ ಪ್ರತಿಯಲ್ಲಿ ನಕ್ಷೆಯನ್ನೇ ಯಾರೋ ಕಿತ್ತಿದ್ದರು, ಮಾರಿದವರು ಅದನ್ನು ಹೇಳಿರಲಿಲ್ಲ. ವಾಪಸ್ ಕಳಿಸಿದೆ.

ಆದರೂ ನನಗೆ ಫಿಲಡೆಲ್ಫಿಯಾ ಪ್ರತಿಯೇ ಜಾಸ್ತಿ ಇಷ್ಟ. ಕಾರಣ ಅನುವಾದ.

ಕೊನೆಯ ಭಾಗದಲ್ಲಿ, ದ್ವೀಪದಲ್ಲಿ ಗುಟ್ಟಾಗಿ ಬದುಕಿದ್ದ ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೆಮೋ ತನ್ನ ಕಥೆ ಹೇಳುತ್ತಾನೆ. ಫ್ರೆಂಚ್ ಮೂಲದಲ್ಲಿ ಅವನು ರಾಜಕುಮಾರ ಡಕ್ಕಾರ್, ಬುಂದೇಲ್‌ಖಂಡದ ರಾಜನ ಮಗ, ಟಿಪ್ಪು ಸುಲ್ತಾನನ ಸೋದರಳಿಯ. ಫಿಲಡೆಲ್ಫಿಯಾ ಪ್ರತಿಯ ಅನುವಾದಕ ಸ್ಟೀಫನ್ ವೈಟ್ ಇದನ್ನು ಹಾಗೇ ಇಟ್ಟಿದ್ದಾನೆ. ಮಗ ಯೂರೋಪಿನಲ್ಲಿ ಓದಿ ಬಂದು, ದೇಶವನ್ನು ತುಳಿಯುತ್ತಿರುವವರ ಜೊತೆ ಸರಿಸಮನಾಗಿ ಹೋರಾಡಲಿ ಅಂತ ಅಪ್ಪನ ಆಸೆ. ಸ್ಕ್ರಿಬ್ನರ್ ಬಳಸಿದ್ದು ಇಂಗ್ಲೆಂಡಿನ ಲೇಖಕ ಕಿಂಗ್‌ಸ್ಟನ್ ಹೆಸರಿನಲ್ಲಿ ಬಂದ ಅನುವಾದ. ಅದರಲ್ಲಿ ಆ ಸಾಲಿನಿಂದ ಟಿಪ್ಪು ಮಾಯ. ಅಪ್ಪ ಮಗನನ್ನು ಕಳಿಸುವುದೂ ಬೇರೆ ಕಾರಣಕ್ಕೆ: ಹಿಂದುಳಿದ ತನ್ನ ದೇಶವನ್ನು ಯೂರೋಪಿನ ಮಟ್ಟಕ್ಕೆ ಏರಿಸಲಿ ಅಂತ! ಬ್ರಿಟಿಷರ ಮೇಲಿನ ಸಿಟ್ಟನ್ನೇ ತೆಗೆದುಹಾಕಿದ್ದಾರೆ. ನಾನು ಮಂಡ್ಯದ ಕಡೆಯವನು, ಶ್ರೀರಂಗಪಟ್ಟಣದ ಕೋಟೆ ನೋಡುತ್ತಾ ಬೆಳೆದವನು. ಎರಡು ಪುಸ್ತಕವನ್ನೂ ಟೇಬಲ್ ಮೇಲೆ ಅಕ್ಕಪಕ್ಕ ತೆರೆದಿಟ್ಟು ಆ ಪುಟ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ದ್ವೀಪದಲ್ಲಿ ಸಿಕ್ಕಿಬಿದ್ದವರ ಮುಂದಾಳು ಒಬ್ಬ ಎಂಜಿನಿಯರ್, ಅವನ ಹೆಸರೂ ಬೇರೆ. ವೈಟ್‌ನಲ್ಲಿ ಮೂಲದಂತೆ ಸೈರಸ್ ಸ್ಮಿತ್, ಕಿಂಗ್‌ಸ್ಟನ್‌ನಲ್ಲಿ ಸೈರಸ್ ಹಾರ್ಡಿಂಗ್. ಇದೊಂದು ಅನುಕೂಲ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಸುಮ್ನೆ ಮುಖಪುಟ ನೋಡಿ ದುಡ್ಡು ಕಟ್ಟಬೇಡಿ. ಒಳಗಿನ ಯಾವುದಾದರೂ ಪುಟದ ಫೋಟೋ ಕೇಳಿ. ಹಾರ್ಡಿಂಗ್ ಅಂತ ಕಂಡರೆ ಅದು ಕಿಂಗ್‌ಸ್ಟನ್ ಅನುವಾದ. ಸ್ಮಿತ್ ಅಂತ ಇದ್ದರೆ, ಟಿಪ್ಪು ಹೆಸರಿದೆಯಾ ಅಂತ ನೋಡಲು ನೆಮೋ ಕಥೆಯ ಪುಟವನ್ನೂ ಕಳಿಸಲು ಹೇಳಿ, ನಕ್ಷೆಯ ಫೋಟೋ ಕೇಳುವುದನ್ನೂ ಮರೆಯಬೇಡಿ.